ಗೋಡೆಯಾಚೆ ಕೇಳಿದ ಊರು

ನಾನು ಆ ಮನೆಗೆ ಬಾಡಿಗೆಗೆ ಹೋದಾಗ ಮನೆಯ ಯಜಮಾನರು ಹಾಕಿದ ಷರತ್ತು ಒಂದೇ: ಹಗಲು ಹೊತ್ತು ಬೀದಿ ಬಾಗಿಲು ಮುಚ್ಚಬಾರದು. ಮಿಕ್ಕ ವ್ಯವಹಾರವನ್ನೆಲ್ಲ ಅವರ ಹೆಂಡತಿಯೇ ಮಾತಾಡಿದರು. ನಾನು ಒಂಟಿ ಹೆಣ್ಣುಮಗಳು, ಮೊದಲ ಕೆಲಸ, ಹೊಸ ಊರು. ತೆರೆದ ಬಾಗಿಲಿನ ಮನೆಯಲ್ಲಿ ಇರುವುದು ಹೇಗೆಂದು ಹಿಂಜರಿದೆ. ನಾಯಿಗೀಯಿ ನುಗ್ಗಿದರೆ ಏನು ಮಾಡುವುದು ಎಂದು ಕೇಳಿದೆ.

"ಬತ್ತದೆ, ನೋಡ್ತದೆ, ಹೋಯ್ತದೆ," ಅಂದರು ಯಜಮಾನರು.

ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿ ಅದು. ತೊಂಬತ್ತರ ದಶಕದ ನಡುವಿನ ಮಾತು. ನನಗೆ ಹಳೇಬೀಡಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಕೆಲಸ. ಬೆಳಿಗ್ಗೆ ಜಾವಗಲ್ಲಿನ ಮೇಲೆ ಹೋಗುವ ಬಸ್ಸು ಹಿಡಿದು ಹೋದರೆ ಸಂಜೆ ವಾಪಸು. ಅಲ್ಲೇ ಮನೆ ಮಾಡಬಹುದಿತ್ತು, ಆದರೆ ವಾರಕ್ಕೊಮ್ಮೆ ಊರಿಗೆ ಹೋಗಲು ರೈಲು ಬೇಕಾಗಿತ್ತು. ಹಾಗಾಗಿ ಅರ್ಧ ಮನೆ ನನಗೆ, ಅರ್ಧ ಮನೆ ಆ ದಂಪತಿಗಳಿಗೆ, ನಡುವೆ ಒಂದು ಪಡಸಾಲೆ. ಹಾಗೆ ಐದು ವರ್ಷ ಕಳೆಯಿತು.

ಅವರ ಹೆಸರು ಬರೆಯುವುದಿಲ್ಲ. ಬೀದಿಯವರೆಲ್ಲ ಮಿಲ್ಟ್ರಿ ಅಯ್ಯ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಹೋದ ಸುದ್ದಿ ನನಗೆ ತಿಳಿದದ್ದು ತಡವಾಗಿ. ಅಷ್ಟು ಹೊತ್ತಿಗೆ ನನಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು, ಅವರ ಹೆಂಡತಿ ಬರೆಸಿದ ಕಾರ್ಡು ಹಳೆಯ ಶಾಲೆಯ ವಿಳಾಸಕ್ಕೆ ಹೋಗಿ ಅಲ್ಲಿಂದ ತಿರುಗಿ ಬಂತು. ಹಗಲು ಊಟ ಮಾಡಿ ಜಗಲಿಯ ಮೇಲೆ ಕೂತವರು ಕೂತ ಹಾಗೇ ಹೋದರಂತೆ. ಆ ಕಾರ್ಡು ಓದಿದ ದಿನದಿಂದ ಅವರ ಬಗ್ಗೆ ಬರೆಯಬೇಕು ಅನ್ನಿಸುತ್ತಿದೆ. ಅವರ ಕತೆಯಲ್ಲಿ ನನ್ನ ಕೈಯೂ ಇದೆ, ಅದಕ್ಕೆ.

ಎತ್ತರದ ಆಳು. ಆದರೆ ಆ ಎತ್ತರ ಪೂರ್ತಿ ಕಾಣುತ್ತಿರಲಿಲ್ಲ, ಏಕೆಂದರೆ ಮಂಡಿಗಳು ನೆಟ್ಟಗಾಗುತ್ತಿರಲಿಲ್ಲ. ನಿಂತಾಗಲೂ ಈಗಷ್ಟೇ ಕುರ್ಚಿಯಿಂದ ಏಳುತ್ತಿರುವವರ ಹಾಗೆ ಇರುತ್ತಿದ್ದರು. ಬಾಣಾವರದ ಕಡೆಯ ಹಳ್ಳಿಯವರು. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಂಗಳೂರಿನಲ್ಲಿ ಸೈನ್ಯಕ್ಕೆ ಸೇರಿದ್ದರು. ತಿರುಗಿ ಬಂದ ಮೇಲೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂರುವ ಕೆಲಸ ಕೊಡುತ್ತೇವೆ ಅಂದರೆ ಒಲ್ಲೆ ಅಂದು ಕೀಮ್ಯಾನ್ ಆದರು. ಅಂದರೆ ಸುತ್ತಿಗೆ ಹೆಗಲ ಮೇಲಿಟ್ಟುಕೊಂಡು ದಿನವೂ ಮೈಲಿಗಟ್ಟಲೆ ಹಳಿಯ ಮೇಲೆ ನಡೆದು, ಸಡಿಲವಾದ ಬೆಣೆಗಳನ್ನು ಬಡಿದು ಕೂರಿಸುವ ಕೆಲಸ. ಆ ಮಂಡಿ ಇಟ್ಟುಕೊಂಡು ಮೂವತ್ತು ವರ್ಷ ನಡೆದರು. ಬಿಸಿಲು ಮಳೆ ಎರಡೂ ತಲೆಯ ಮೇಲೆ ಬೀಳಬೇಕಿತ್ತು ಅವರಿಗೆ.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿಯೇ ನಿಲ್ಲುತ್ತಿದ್ದರು. ಒಮ್ಮೆ ಅವರ ಹೆಂಡತಿಯ ಹರಕೆ ಇತ್ತೆಂದು ಮೂವರೂ ಬೇಲೂರಿಗೆ ಹೋದೆವು. ದೇವಸ್ಥಾನದ ಹೊರಗೋಡೆಯನ್ನು ಒಂದು ಸುತ್ತು ನಿಧಾನವಾಗಿ ನೋಡಿದರು, ಆನೆಗಳ ಸಾಲನ್ನು ಕೈಯಿಂದ ಸವರಿದರು. ಒಳಗಿನ ಕತ್ತಲ ಕಂಬಗಳ ಹತ್ತಿರ ಬಂದಾಗ ನಿಂತುಬಿಟ್ಟರು. ನೀವು ಹೋಗಿ ಬನ್ನಿ, ಸ್ವಾಮಿಗೆ ನಾನು ಇಲ್ಲಿಂದಲೇ ಕಾಣುತ್ತೀನಿ ಅಂದರು. ಮಂಗಳಾರತಿಯ ಗಂಟೆ ಹೊಡೆದಾಗ ನಾನು ತಿರುಗಿ ನೋಡಿದರೆ ಅವರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳುತ್ತಿದ್ದರು. ಹಿಂತಿರುಗುವಾಗ ಆ ಗಂಟೆಯ ಬಗ್ಗೆ ಹೇಳಿದರು: ಬಾಯಿ ಅಂಚಿನಲ್ಲಿ ಸಣ್ಣ ಬಿರುಕು ಇದೆ, ಮೂರನೇ ಪೆಟ್ಟಿಗೆ ಗೊತ್ತಾಗುತ್ತದೆ. ನನಗೇನೂ ಗೊತ್ತಾಗಿರಲಿಲ್ಲ.

ವರ್ಷಕ್ಕೊಂದು ದಿನ ಮಾತ್ರ ಅವರು ಅಡಿಗೆ ಮಾಡುತ್ತಿದ್ದರು. ಸಂಕ್ರಾಂತಿಯಾಗಿ ಮೂರನೇ ದಿನ, ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ದೊಡ್ಡ ಹಂಡೆಯಲ್ಲಿ ಅವರೆಕಾಳು ಬೇಯಿಸುತ್ತಿದ್ದರು. ಉಪ್ಪು, ಬೆಳ್ಳುಳ್ಳಿ, ಎಣ್ಣೆ, ಇಷ್ಟೇ. ಬೀದಿಯಲ್ಲಿ ಆ ಹೊತ್ತಿಗೆ ಯಾರು ಹಾದು ಹೋದರೂ ಒಂದು ಸೌಟು ಹಾಕಿಸಿಕೊಳ್ಳಲೇಬೇಕು. ಪೋಸ್ಟ್‌ಮ್ಯಾನ್, ತರಕಾರಿಯವಳು, ದಾರಿ ತಪ್ಪಿ ಬಂದ ಲಾರಿ ಡ್ರೈವರು, ಯಾರಾದರೂ ಸರಿ.

"ಇವತ್ತು ನಮ್ ಮನೇಲಿ ಇಟ್ಲಿ ಹಬ್ಬ ಕಣಮ್ಮ," ಅಂದರು ಅವರ ಹೆಂಡತಿ, ಮೊದಲ ವರ್ಷ ನಾನು ಬೆರಗಾಗಿ ನೋಡುತ್ತಿದ್ದಾಗ. "ಅಲ್ಯಾವಳೋ ನೊಣ ಅಂತ ಇದ್ಲಂತೆ. ಅವಳ ಹಬ್ಬ."

"ನೊಣ ಅಲ್ಲ ಕಣೇ, ನೊನ್ನಾ. ಅಜ್ಜಿ ಅಂತ," ಅಂದು ಅವರು ಸೌಟು ತಿರುವಿದರು. ಈ ಮಾತುಕತೆ ಅವರಿಬ್ಬರ ನಡುವೆ ಪ್ರತಿ ವರ್ಷ ನಡೆಯುತ್ತದೆ ಎಂದು ಆಮೇಲೆ ತಿಳಿಯಿತು.

ಹೀಗೆ ಶುರುವಾದ ಕತೆ ಅದು. ಮುಂದಿನ ಎರಡು ವರ್ಷ ಜಗಲಿಯ ಮೇಲೆ ತುಂಡು ತುಂಡಾಗಿ ಕೇಳಿದೆ. ಆಫ್ರಿಕಾದ ಮರಳುಗಾಡಿನಲ್ಲಿ ಅವರ ತುಕಡಿ ಪೂರ್ತಿ ಜರ್ಮನ್ನರಿಗೂ ಇಟಲಿಯವರಿಗೂ ಸೆರೆ ಸಿಕ್ಕಿತ್ತು. ಹಡಗಿನಲ್ಲಿ ತುಂಬಿ ಇಟಲಿಗೆ ಒಯ್ದರು. ಅಲ್ಲಿ ಮುಳ್ಳುತಂತಿಯ ಕ್ಯಾಂಪಿನಲ್ಲಿ ಒಂದು ವರ್ಷದ ಮೇಲೆ. ಒಂದು ದಿನ ಇಟಲಿಯವರು ಯುದ್ಧದಿಂದ ಹಿಂದೆ ಸರಿದರು, ಕಾವಲಿನವರು ಬಾಗಿಲು ತೆರೆದಿಟ್ಟು ಮನೆಗೆ ಹೋಗಿಬಿಟ್ಟರು. ಜರ್ಮನ್ನರು ಬರುವುದರೊಳಗೆ ಕೈದಿಗಳೆಲ್ಲ ಗುಡ್ಡಗಳ ಕಡೆ ಓಡಿದರು. ಇವರೂ ಜೊತೆಗಿದ್ದ ಇಬ್ಬರು ಬಿಳಿ ಸಿಪಾಯಿಗಳೂ ಹತ್ತಿ ತಲುಪಿದ್ದು ಗುಡ್ಡದ ನೆತ್ತಿಯ ಒಂದು ಕಲ್ಲೂರಿಗೆ.

ಬಿಳಿಯರಿಗೆ ಕುರಿ ಕಾಯುವವನ ಕೋಟು ತೊಡಿಸಿದರೆ ಸಾಕಾಯಿತು. ಹೊಲದಲ್ಲಿ ಕೆಲಸ ಮಾಡಿಕೊಂಡು, ಚರ್ಚಿಗೂ ಹೋಗಿಕೊಂಡು ಇದ್ದುಬಿಟ್ಟರು. ಇವರಿಗೆ ಯಾವ ಕೋಟು ತೊಡಿಸಿದರೂ ಮುಖ ಮರೆಯಾಗುವಂತಿರಲಿಲ್ಲ. ಹಾಗಾಗಿ ಒಬ್ಬ ಮುದುಕಿ, ಅವರ ನೊನ್ನಾ, ತನ್ನ ಮನೆಯ ನೆಲಮಾಳಿಗೆಯಲ್ಲಿ, ಕತ್ತೆ ಕಟ್ಟುವ ಕೊಟ್ಟಿಗೆಯ ಹಿಂಗೋಡೆಯಲ್ಲಿದ್ದ ಒಂದು ಹಳೆಯ ಗೂಡಿಗೆ ಇವರನ್ನು ಸೇರಿಸಿ, ಮುಂದೆ ಕಲ್ಲು ಜೋಡಿಸಿದಳು. ಕಾಲು ಮಡಿಸಿ ಕೂರಬಹುದಿತ್ತು, ಓರೆಯಾಗಿ ಮಲಗಬಹುದಿತ್ತು. ನಿಲ್ಲುವಂತಿರಲಿಲ್ಲ. ವಾರಕ್ಕೆ ಒಂದೆರಡು ಸಲ, ಊರು ಮಲಗಿದ ಮೇಲೆ, ಕೊಟ್ಟಿಗೆಯ ಮಟ್ಟಿಗೆ ಹೊರಗೆ ಬಿಡುತ್ತಿದ್ದಳು. ಸೆಪ್ಟೆಂಬರಿನಿಂದ ಮರುವರ್ಷದ ಜೂನಿನವರೆಗೆ, ಒಂಬತ್ತು ತಿಂಗಳು.

ಆ ಊರನ್ನು ಅವರು ನೋಡಲೇ ಇಲ್ಲ. ಹತ್ತಿದ್ದು ಕತ್ತಲಲ್ಲಿ, ಇಳಿದದ್ದು ಯಾರದೋ ಬೆನ್ನ ಮೇಲೆ, ಬೆಳಕಿಗೆ ಕಣ್ಣು ಬಿಡಲಾಗದೆ. ಆದರೂ ನಾನು ಹುಟ್ಟಿದ ಊರು ನನಗೆ ಅಷ್ಟು ಗೊತ್ತಿಲ್ಲ. ಎಲ್ಲವನ್ನೂ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದರು, ಸದ್ದಿನಿಂದಲೋ ನೊನ್ನಾ ಹೇಳುವ ಕತೆಯಿಂದಲೋ. ಹದಿನೈದು ದಿನಕ್ಕೊಮ್ಮೆ ಊರಿಗೆಲ್ಲ ಒಂದೇ ಆದ ರೊಟ್ಟಿ ಸುಡುವ ಒಲೆ ಉರಿಯುವುದು. ಅವತ್ತು ಹೆಂಗಸರು ಹಲಗೆಯ ಮೇಲೆ ರೊಟ್ಟಿ ಹೊತ್ತು ಸಾಲಾಗಿ ಹೋಗುವ ಸದ್ದು. ರೊಟ್ಟಿ ಅದಲುಬದಲಾಗದಿರಲೆಂದು ಒಂದೊಂದು ಮನೆಯದೂ ಒಂದೊಂದು ಮರದ ಮುದ್ರೆ. ನೊನ್ನಾಳ ಮನೆಯದು ಒಂದು ಎಲೆ. ಮಳೆನೀರಿನ ತೊಟ್ಟಿಯ ಮುಚ್ಚಳ ತೆಗೆದಾಗಿನ ಸದ್ದು, ಮನೆಗೊಂದು ಬಿಂದಿಗೆಯಂತೆ ಅಳೆದು ಕೊಡುವಾಗಿನ ಜಗಳ. ಮುಸ್ಸಂಜೆ ಗಂಟೆ ಹೊಡೆದರೆ ಊರಬಾಗಿಲು ಮುಚ್ಚುವುದು. ಬಾಗಿಲ ಬೀಗದ ಕೈ ವರ್ಷಕ್ಕೊಂದು ಮನೆಯ ಪಾಲಿಗೆ, ಆ ವರ್ಷ ನೊನ್ನಾಳ ಮನೆಯದು. ಅವಳ ಮಗ ದಿನವೂ ಬಾಗಿಲ ಬಳಿ ನಿಂತು, ಯಾರಾದರೂ ಹೊರಗಿದ್ದೀರಾ ಎಂದು ಮೂರು ಸಲ ಕೂಗಿ, ಆಮೇಲೆ ಬೀಗ ತಿರುಗಿಸುತ್ತಿದ್ದ. ಶತ್ರುಗಳು ಬರುವುದು ನಿಂತು ನೂರಾರು ವರ್ಷ ಆಗಿತ್ತು, ಕೂಗುವುದು ನಿಂತಿರಲಿಲ್ಲ.

ಶನಿವಾರಗಳಂದು ಮಿಲ್ಟ್ರಿ ಅಯ್ಯ ಮಾಲೇಕಲ್ಲು ಬೆಟ್ಟ ಹತ್ತುತ್ತಿದ್ದರು. ಆ ಮಂಡಿಗೆ ಅಷ್ಟು ಮೆಟ್ಟಿಲು ಸುಲಭವಲ್ಲ, ಅರ್ಧ ದಿನ ಹಿಡಿಯುತ್ತಿತ್ತು. ನಾನೊಮ್ಮೆ ಜೊತೆಗೆ ಹೋದೆ. ವೆಂಕಟರಮಣನಿಗೆ ಕೈ ಮುಗಿದದ್ದು ಒಂದೇ ನಿಮಿಷ. ಮಿಕ್ಕ ಹೊತ್ತೆಲ್ಲ ಬಂಡೆಯ ಮೇಲೆ ಕೂತು ಕೆಳಗಿನ ತೆಂಗಿನ ತೋಟಗಳನ್ನೂ ದಾರಿಗಳನ್ನೂ ನೋಡುತ್ತಿದ್ದರು. ಆ ಊರೂ ಹೀಗೇ ಎತ್ತರದಲ್ಲಿತ್ತೇ ಎಂದು ಕೇಳಿದೆ. ನನಗೆ ಹೇಗೆ ಗೊತ್ತಾಗಬೇಕು ಅಂದರು. ಊರಿನ ಹೆಸರು ಕೇಳಿದೆ. ಅದೊಂದನ್ನು ಹೇಳುವಂತಿಲ್ಲ ಅಂದರು. ಸಿಕ್ಕಿಬಿದ್ದು ಹೊಡೆತ ತಿಂದರೂ ಊರಿನ ಹೆಸರು ಹೇಳುವುದಿಲ್ಲ ಎಂದು ನೊನ್ನಾ ಇವರಿಂದ ಆಣೆ ಹಾಕಿಸಿಕೊಂಡಿದ್ದಳಂತೆ. ಯುದ್ಧ ಮುಗಿದು ಐವತ್ತು ವರ್ಷವಾದರೂ ಹೆಂಡತಿಗೂ ಹೇಳಿರಲಿಲ್ಲ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಮಧ್ಯಯುಗದ ಯುರೋಪ್ ಎಂದು ಒಂದು ಪಾಠವಿತ್ತು. ಎರಡು ಪುಟ, ಓದಿದರೆ ನನಗೇ ನಿದ್ದೆ ಬರುತ್ತಿತ್ತು. ಆ ಊರು ಕಟ್ಟಿ ಎಂಟುನೂರು ವರ್ಷವಾಗಿತ್ತು ಎಂದು ಅವರು ಹೇಳಿದ್ದು ನೆನಪಾಗಿ, ನಮ್ಮ ಮಕ್ಕಳಿಗೆ ಬಂದು ಹೇಳಿ ಎಂದು ಬಲವಂತ ಮಾಡಿದೆ. ಬೇಡ ಬೇಡ ಅನ್ನುತ್ತಲೇ ಒಂದು ಡಿಸೆಂಬರ್ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಜೊತೆ ಬಸ್ಸು ಹತ್ತಿದರು, ಹಳೇಬೀಡಿನವರೆಗೂ ಬಾಗಿಲಲ್ಲೇ ನಿಂತು ಬಂದರು. ತರಗತಿಯ ಒಳಗೆ ಬರಲಿಲ್ಲ. ಮಕ್ಕಳನ್ನೇ ಹೊಂಗೆಮರದ ಕೆಳಗೆ ಕೂರಿಸಿದೆ.

ಕಡ್ಡಿಯಿಂದ ನೆಲದ ಮೇಲೆ ಗುಡ್ಡ ಬರೆದು ಶುರು ಮಾಡಿದರು. ನಿಮ್ಮ ಊರಿಗೆ ಹಳೇಬೀಡು ಅಂತ ಯಾಕೆ ಹೆಸರು ಎಂದು ಮಕ್ಕಳನ್ನೇ ಕೇಳಿದರು. ಉತ್ತರದಿಂದ ಸೈನ್ಯ ಬಂದು ರಾಜಧಾನಿ ಹಾಳು ಮಾಡಿತು, ಅದಕ್ಕೆ ಎಂದರು ಮಕ್ಕಳು. ಆ ಊರಿನವರಿಗೂ ಹಾಗೇ, ಸಮುದ್ರದ ಕಡೆಯಿಂದ ಕೊಳ್ಳೆ ಹೊಡೆಯುವವರು ಬರುತ್ತಿದ್ದರು ಅಂದರು. ಇಲ್ಲಿ ನಿಮಗೆ ಓಡಿಹೋಗಲು ಗುಡ್ಡ ಇರಲಿಲ್ಲ, ಅವರಿಗೆ ಇತ್ತು. ಕೆಳಗಿನ ಊರಿನ ಕಲ್ಲನ್ನೇ ಕತ್ತೆಯ ಮೇಲೆ ಹೇರಿಕೊಂಡು ಹೋಗಿ ಮೇಲೆ ಊರು ಕಟ್ಟಿದರು. ಕೋಟೆ ಕಟ್ಟಲು ಕಲ್ಲು ಸಾಲಲಿಲ್ಲ. ಮನೆಗಳನ್ನೇ ಒಂದಕ್ಕೊಂದು ಅಂಟಿಸಿ ಸುತ್ತ ಕಟ್ಟಿದರು, ಮನೆಯ ಹಿಂಗೋಡೆಯೇ ಕೋಟೆ ಗೋಡೆ. ಒಂದೇ ಬಾಗಿಲು.

ಆಮೇಲೆ ಕಾಳಿನ ಹಬ್ಬದ ಕತೆ ಹೇಳಿದರು. ನೂರಾರು ವರ್ಷದ ಹಿಂದೆ ಪ್ಲೇಗಿನ ಕಾಲದಲ್ಲಿ ಒಬ್ಬ ದಾರಿಹೋಕ ಊರಬಾಗಿಲಿಗೆ ಬಂದು ಅನ್ನ ಕೇಳಿದ. ರೋಗ ತಂದಾನೆಂದು ಬಾಗಿಲು ತೆಗೆಯಲಿಲ್ಲ. ಮೂರು ದಿನ ಬಡಿದು ಬಾಗಿಲಲ್ಲೇ ಸತ್ತ. ಪ್ಲೇಗು ಹೇಗೋ ಗೋಡೆ ಹತ್ತಿ ಬಂದೇ ಬಂತು, ಅರ್ಧ ಊರು ಹೋಯಿತು. ಉಳಿದವರು ಹರಕೆ ಹೊತ್ತರು: ಚಳಿಗಾಲದ ಆ ಒಂದು ದಿನ ಮನೆಗೊಂದು ಹಿಡಿ ಕಾಳು ತಂದು ಒಂದೇ ಹಂಡೆಯಲ್ಲಿ ಬೇಯಿಸಬೇಕು. ಗೋಡೆಯ ಒಳಗೆ ಯಾರಿದ್ದರೂ, ಶತ್ರುವಾದರೂ ಸರಿ, ಮಧ್ಯಾಹ್ನದ ಗಂಟೆಯೊಳಗೆ ಒಂದು ಸೌಟು ಮುಟ್ಟಬೇಕು.

ಅವರು ಗೂಡಿನಲ್ಲಿದ್ದ ವರ್ಷ ಆ ದಿನವೇ ಜರ್ಮನ್ ಸಿಪಾಯಿಗಳು ಧಾನ್ಯ ಕಿತ್ತುಕೊಳ್ಳಲು ಬಂದರು. ಊರಿನವರು ಅವರನ್ನೂ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು. ಗೋಡೆಯೊಳಗೆ ಇನ್ನೂ ಒಬ್ಬನಿದ್ದ. ನೊನ್ನಾ ಮಗನ ಕೈಗೆ ಬಟ್ಟಲು ಕೊಟ್ಟು ಕೊಟ್ಟಿಗೆಗೆ ಕಳಿಸಿದಳು. ಅವನ ಹಿಂದೆಯೇ ಒಬ್ಬ ಸಿಪಾಯಿ ಬಂದ. ಬಟ್ಟಲು ಯಾರಿಗೆ ಎಂದು ಕೇಳಿದ. ಮಗ ಗೋದಲಿಯ ಅಂಚಿನ ಮೇಲೆ ಕೂತು, ನನಗೇ ಎಂದು ಹೇಳಿ, ಕತ್ತೆಯ ಜೊತೆ ಮಾತಾಡಿಕೊಂಡು ಅಷ್ಟನ್ನೂ ತಿಂದ. ಹಾಗೆ ನಾನು ಉಳಿದೆ, ಎಂದು ಅವರು ಕಡ್ಡಿ ಕೆಳಗಿಟ್ಟರು.

ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಆಮೇಲೆ ಆ ಅಣ್ಣ ಏನಾದ್ರು ಸಾರ್?"

ಅವರು ಅವಳನ್ನು ನೋಡಿದರು. "ಗೊತ್ತಿಲ್ಲ ಮಗ," ಅಂದು ಗೇಟಿನ ಕಡೆ ನಡೆದುಬಿಟ್ಟರು.

ತರಗತಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಹಿಂದೆ ಓಡಿದೆ. ಕೆರೆ ಏರಿಯ ಮೇಲೆ ಸಿಕ್ಕಿದರು. ನಾನು ಏನೂ ಕೇಳಲಿಲ್ಲ, ಅವರೇ ಹೇಳಿದರು. ಆ ಮಗ ಅದೇ ಸಿಪಾಯಿಯ ಎದುರಿಗೆ ಪಂಕ್ತಿಯಲ್ಲಿ ತನ್ನ ಪಾಲು ಆಗಲೇ ತಿಂದಿದ್ದ. ಎರಡನೇ ಬಟ್ಟಲು ಅವನದಲ್ಲ ಎಂದು ಸಿಪಾಯಿಗೆ ಗೊತ್ತಿತ್ತು. ತಿಂದು ಮುಗಿಸುವವರೆಗೂ ಕಾದು, ಮಿಕ್ಕವರನ್ನು ಕೂಗಿದ. ಹುಲ್ಲು ಚುಚ್ಚಿ ನೋಡಿದರು, ಕತ್ತೆಯನ್ನು ಹೊರಗೆಳೆದರು, ಮಗನನ್ನು ಹೊಡೆದರು. ಅವನು ಬಾಯಿ ಬಿಡಲಿಲ್ಲ. ಕೈ ಕಟ್ಟಿ ಇಳಿಜಾರಿನ ದಾರಿಯಲ್ಲಿ ಕರೆದುಕೊಂಡು ಹೋದರು.

"ಇಷ್ಟೇ ದೂರ," ಅಂದು ಅವರು ಕೈ ಚಾಚಿ ನನ್ನ ಚೀಲ ಮುಟ್ಟಿದರು. "ಇಷ್ಟೇ ದೂರದಲ್ಲಿ ಹೊಡಿತಾ ಇದ್ರು. ಮುಂದ್ಗಡೆ ಕಲ್ಲು ಏನಿಲ್ಲ, ನಾಕೇ ನಾಕು. ತಳ್ಳಿದ್ರೆ ಬಿದ್ದೋಗೋವು. ನಾನು ತಳ್ಳಲಿಲ್ಲ."

ನೀವು ಹೊರಗೆ ಬಂದಿದ್ದರೆ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೊಲ್ಲುತ್ತಿದ್ದರು, ಊರು ಸುಡುತ್ತಿದ್ದರು, ಎಂದೆ. ಅದು ನಿಜವೂ ಆಗಿತ್ತು.

"ಅದೆಲ್ಲ ನಾನು ಆಮೇಲೆ ಲೆಕ್ಕ ಹಾಕಿದ್ದು ಟೀಚರಮ್ಮ. ಅವಾಗ ಏನೂ ಯೋಚ್ನೆ ಬರ್ಲಿಲ್ಲ. ಹೆದ್ರಿಕೆ ಆಯ್ತು, ಅಷ್ಟೆ."

ಅವತ್ತು ಸಂಜೆಯಿಂದ ಜೂನಿನವರೆಗೆ ನೊನ್ನಾಳೇ ಊಟ ತಂದಳು. ಮಗನ ಹೆಸರು ಎತ್ತಲಿಲ್ಲ. ಬೈಯಲಿಲ್ಲ, ಅಳಲಿಲ್ಲ, ಊರಿನ ಕತೆ ಹೇಳುವುದನ್ನೂ ನಿಲ್ಲಿಸಲಿಲ್ಲ. ಮೇಲುಗಡೆ ಸೊಸೆ ಬಸುರಿ ಎಂದು ಅವಳ ಹೆಜ್ಜೆ ಭಾರವಾಗುತ್ತಾ ಬಂದದ್ದರಿಂದಲೇ ಇವರಿಗೆ ತಿಳಿಯಿತು. ಜರ್ಮನ್ನರು ಹಿಂದೆ ಸರಿದು ಇವರು ಊರು ಬಿಡುವ ದಿನ, ಮಗ ಬಂದನೇ ಎಂದು ಒಂದು ಮಾತು ಕೇಳಲು ನಾಲಿಗೆ ಏಳಲಿಲ್ಲ. ದೇಶಕ್ಕೆ ಬಂದ ಮೇಲೂ ಬರೆಯಲಿಲ್ಲ. ಆಣೆ ಇತ್ತಲ್ಲ ಎಂದೆ. ಆಣೆ ಅನ್ನುವುದು ಬಚ್ಚಿಟ್ಟುಕೊಳ್ಳಲು ಒಳ್ಳೆಯ ಜಾಗ ಅಂದರು.

ಬರೆಯೋಣ ಎಂದು ಏರಿಯ ಮೇಲೇ ಹೇಳಿದೆ. ಅವರು ತಲೆ ಅಲ್ಲಾಡಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಆ ಜನವರಿಯಲ್ಲಿ ಹಿತ್ತಲಿನಲ್ಲಿ ಹಂಡೆ ಏರಲಿಲ್ಲ. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು, ಏನ್ ಅಜ್ಜಿ ಈ ವರ್ಷ ಅವರೆಕಾಳಿಲ್ವಾ ಎಂದು ಕೇಳಿ ಹೋದ. ಅವರ ಹೆಂಡತಿ ನನ್ನ ಕಡೆಗೆ ಬಂದು, ಏನು ಹೇಳಿದ್ದೀಯೆ ಈ ಮನುಷ್ಯನಿಗೆ ಎಂದು ಕೇಳಿದರು. ನಾನು ಹೇಳುವಂತಿರಲಿಲ್ಲ, ಹೇಳದೆ ಇರುವಂತೆಯೂ ಇರಲಿಲ್ಲ. ಅವರನ್ನೇ ಕೇಳಿ ಅಂದೆ. ಕೇಳಿದರೋ ಇಲ್ಲವೋ ತಿಳಿಯದು. ಎರಡು ವಾರದ ಮೇಲೆ ಒಂದು ಭಾನುವಾರ ಮಿಲ್ಟ್ರಿ ಅಯ್ಯ ನನ್ನ ಬಾಗಿಲಿಗೆ ಬಂದು ನಿಂತು, "ಬರೀರಿ," ಅಂದರು. ಊರಿನ ಹೆಸರನ್ನು ಎರಡು ಸಲ ಹೇಳಿದರು. ಆ ಹೆಸರು ನಾನೂ ಇಲ್ಲಿ ಬರೆಯುವುದಿಲ್ಲ.

ಇಂಗ್ಲಿಷಿನಲ್ಲಿ ಒಂದು ಪುಟ ಬರೆದು, ಆ ಊರಿನ ಚರ್ಚಿನ ಪಾದ್ರಿಗಳಿಗೆ ಎಂದು ವಿಳಾಸ ಹಾಕಿ ಕಳಿಸಿದೆವು. ನೊನ್ನಾಳ ಹೆಸರು, ಅವಳ ಮಗನ ಹೆಸರು, ಕೊಟ್ಟಿಗೆಯಲ್ಲಿದ್ದ ಭಾರತೀಯನ ಹೆಸರು. ಮಗ ಹಿಂತಿರುಗಿ ಬಂದನೇ ಎಂಬ ಒಂದೇ ಪ್ರಶ್ನೆ.

ಆಮೇಲಿನ ನಾಲ್ಕು ತಿಂಗಳು ಆ ಮನೆಯಲ್ಲಿ ಇರುವುದೇ ಕಷ್ಟವಾಯಿತು. ಶನಿವಾರದ ಬೆಟ್ಟ ನಿಂತಿತು. ಬಾಗಿಲು ತೆರೆದೇ ಇತ್ತು, ಅವರು ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ, ಅಂಚೆ ಬರುವ ಹೊತ್ತಿಗೆ ಇಲ್ಲದೆ ಹೋದರೆ ಎಂದು. ಹನ್ನೊಂದು ಗಂಟೆಗೆ ಪೋಸ್ಟ್‌ಮ್ಯಾನ್ ಮುಂದೆ ಹಾದು ಹೋದ ಮೇಲೆ ಗೋಡೆಗೆ ಒರಗಿ, ಮಂಡಿ ಮಡಿಸಿ, ಸಣ್ಣ ಜಾಗದಲ್ಲಿ ಕೂತಿರುವವರ ಹಾಗೆ ಕೂತುಬಿಡುತ್ತಿದ್ದರು. ಏಪ್ರಿಲಿನ ಸೆಕೆಯಲ್ಲಿ ಕಂಬಳಿ ಹೊದೆಯುತ್ತಿದ್ದರು. ನಾನು ರಜೆಗೆ ಊರಿಗೆ ಹೋಗಿ ಬಂದಾಗ ಅರ್ಧ ಇಳಿದುಹೋಗಿದ್ದರು.

"ನಲವತ್ತೈದು ವರ್ಷ ಸಂಸಾರ ಮಾಡೀನಿ," ಅಂದರು ಅವರ ಹೆಂಡತಿ ನನಗೆ, ಅಕ್ಕಿ ಆರಿಸುತ್ತಾ, ತಲೆ ಎತ್ತದೆ. "ಬಾಗ್ಲು ಯಾಕೆ ಹಾಕ್ಬಾರ್ದು ಅಂತ ನಾನು ಕೇಳ್ಳಿಲ್ಲ. ಹಂಗೇ ಇದ್ದೋ. ನೀನು ಬಂದು ಕೆದಕ್ಬುಟ್ಟೆ."

ಮನೆ ಬದಲಾಯಿಸಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಕಾಗದ ಬರುವವರೆಗೆ ಬಿಟ್ಟು ಹೋಗುವ ಹಾಗೂ ಇರಲಿಲ್ಲ.

ಜೂನಿನ ಮೊದಲ ಮಳೆಯಲ್ಲಿ ಕಾಗದ ಬಂತು. ಇಟಲಿಯ ಭಾಷೆಯಲ್ಲಿ, ಕೈಬರಹದಲ್ಲಿ ಎರಡು ಹಾಳೆ. ರೋಮಿನಲ್ಲಿ ಓದಿ ಬಂದ ಪಾದ್ರಿಯೊಬ್ಬರು ಹಾಸನದಲ್ಲಿದ್ದಾರೆಂದು ವಿಚಾರಿಸಿ, ಮೂವರೂ ಹೋದೆವು. ಪಾದ್ರಿಗಳು ತಮ್ಮ ಕೋಣೆಗೆ ಕರೆದರು. ಇವರು ಬಾಗಿಲಲ್ಲಿ ನಿಂತರು. ಮೊದಲು ಒಂದು ಸಲ ಅದರ ಭಾಷೆಯಲ್ಲೇ ಓದುತ್ತೇನೆ, ಆಮೇಲೆ ಕನ್ನಡದಲ್ಲಿ ಹೇಳುತ್ತೇನೆ ಎಂದು ಪಾದ್ರಿಗಳು ಗಟ್ಟಿಯಾಗಿ ಓದತೊಡಗಿದರು. ಅರ್ಧ ಹಾಳೆ ಆಗಿರಬಹುದು. ನಮಗಿನ್ನೂ ಒಂದು ಅಕ್ಷರ ತಿಳಿದಿರಲಿಲ್ಲ. ಇವರು ಕದ ಹಿಡಿದುಕೊಂಡು ಮೆಲ್ಲಗೆ ಹೊಸ್ತಿಲ ಮೇಲೆ ಕೂತರು. ಐವತ್ತು ವರ್ಷ ಯಾರ ಬಾಯಲ್ಲೂ ಕೇಳದ ಭಾಷೆ ಅವರ ಕಿವಿಯಲ್ಲಿ ಹಾಗೇ ಇತ್ತು. ಅವರ ಹೆಂಡತಿ ಪಕ್ಕದಲ್ಲಿ ಕೂತು ತೋಳು ಹಿಡಿದರು. ಪಾದ್ರಿಗಳು ಕನ್ನಡಕ್ಕೆ ತಿರುಗಿಸಿದ್ದು ನಮ್ಮಿಬ್ಬರಿಗಾಗಿ ಮಾತ್ರ.

ಬರೆದವಳು ಆ ಮಗನ ಮಗಳು. ಅಪ್ಪ ಹಿಂತಿರುಗಲಿಲ್ಲ. ಎಲ್ಲಿ ಸತ್ತ, ಹೇಗೆ ಸತ್ತ, ಯಾರಿಗೂ ತಿಳಿಯಲಿಲ್ಲ. ತಾನು ಹುಟ್ಟಿದ್ದು ಅವನನ್ನು ಒಯ್ದ ಆರು ತಿಂಗಳ ಮೇಲೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಕೊಟ್ಟಿಗೆಯ ಭಾರತೀಯ ದಾರಿಯಲ್ಲೇ ಸತ್ತಿರಬೇಕು ಎಂದು, ಸಾಯುವವರೆಗೂ ಅವನ ಹೆಸರಿಗೂ ಮೊಂಬತ್ತಿ ಹಚ್ಚುತ್ತಿದ್ದಳು. ಅಮ್ಮ ಇದ್ದಾಳೆ, ಕಣ್ಣು ಕಾಣುವುದಿಲ್ಲ. ಅಪ್ಪನ ಒಂದೇ ಫೋಟೋ ಇದೆ, ಮದುವೆಯದು, ಮುಖ ಗೊತ್ತು. ದನಿ ಗೊತ್ತಿಲ್ಲ. ಅಮ್ಮನೂ ಮರೆತಿದ್ದೇನೆ ಅನ್ನುತ್ತಾಳೆ, ಅದಕ್ಕೆ ಅಳುತ್ತಾಳೆ. ನೀವು ನಾಲ್ಕು ತಿಂಗಳು ಗೋಡೆಯ ಆಚೆ ಕೂತು ಅವನನ್ನು ಕೇಳಿಸಿಕೊಂಡವರು. ಅವನ ದನಿ ಹೇಗಿತ್ತು, ಏನೇನು ಹೇಳುತ್ತಿದ್ದ, ನೆನಪಿದ್ದಷ್ಟು ಬರೆಯಿರಿ.

ಬೈಗುಳ ಒಂದೂ ಇರಲಿಲ್ಲ. ಕ್ಷಮೆಯೂ ಇರಲಿಲ್ಲ. ಬಟ್ಟಲಿನ ವಿಷಯ ಅವರಿಗೆ ಎಷ್ಟು ಗೊತ್ತಿದೆ ಎಂದೇ ಆ ಕಾಗದದಿಂದ ತಿಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಅವರು ಒಂದೇ ಮಾತು ಆಡಿದರು, ದನಿಯನ್ನು ಬರೆಯುವುದು ಹೇಗೆ ಎಂದು.

ನನ್ನ ಹತ್ತಿರ ಟೇಪ್ ರೆಕಾರ್ಡರ್ ಇತ್ತು. ಮುಂದಿನ ಭಾನುವಾರ ಹೊಸ ಕ್ಯಾಸೆಟ್ ಹಾಕಿ ಜಗಲಿಯ ಮೇಲೆ ಇಟ್ಟೆ. ಅವರು ಬಾಯಿ ತೆರೆದು ಮುಚ್ಚಿದರು. ಬೀದಿಯಲ್ಲಿ ಸೈಕಲ್ ಬೆಲ್ಲು, ಸ್ಟೇಷನ್ನಿನಲ್ಲಿ ಶಂಟಿಂಗ್ ಎಂಜಿನ್ನು. ಪಡಸಾಲೆಯಲ್ಲಿ ಪ್ರಯತ್ನಿಸಿದೆವು, ಅಲ್ಲೂ ಆಗಲಿಲ್ಲ. ಬರುತ್ತಿಲ್ಲ, ಬೆಳಕು ಜಾಸ್ತಿ ಅಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಕೊಬ್ಬರಿ ಕೋಣೆಯಲ್ಲಿ ಜಾಗ ಮಾಡು ಅಂದರು. ಅಡಿಗೆಮನೆಯ ಪಕ್ಕ ಕೊಬ್ಬರಿ ತುಂಬುವ ಒಂದು ಸಣ್ಣ ಕೋಣೆ ಅದು, ಕಿಟಕಿ ಇಲ್ಲ. ಅದರೊಳಗೆ ಅವರು ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ.

"ಬ್ಯಾಡ ಕಣ್ರೀ," ಅಂದರು ಅವರ ಹೆಂಡತಿ. "ಅವ್ರಿಗೆ ನೆನಪಿಲ್ಲ ಅಂತ ಬರ್ದ್ರಾಯ್ತು."

"ನೆನಪೈತಲ್ಲ."

ಮೂಟೆಗಳ ನಡುವೆ ಮಂಡಿ ಮಡಿಸಿ ಕೂತರು. ಗುಂಡಿ ಒತ್ತುವುದನ್ನು ತೋರಿಸಿಕೊಟ್ಟೆ. ಬಾಗಿಲು ಎಳೆದುಕೋ, ಚಿಲಕ ಹಾಕಬೇಡ ಅಂದರು ಹೆಂಡತಿಗೆ. ಆಕೆ ಬಾಗಿಲು ಮುಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು ನೆಲದ ಮೇಲೆ ಕೂತರು. ನಾನೂ ಕೂತೆ. ಒಳಗಿನಿಂದ ಮೊದಲು ಬರೀ ಉಸಿರು. ಆಮೇಲೆ ಒಬ್ಬ ಯುವಕನ ದನಿ ಬಂತು. ಮಿಲ್ಟ್ರಿ ಅಯ್ಯನ ದನಿಯಲ್ಲ ಅದು, ಅದಕ್ಕಿಂತ ಹಗುರ, ಮೂಗಿನಲ್ಲಿ ಸ್ವಲ್ಪ ನಗು. ಮೂರು ಸಲ ದೂರಕ್ಕೆ ಕೂಗಿತು. ಒಮ್ಮೆ ಕೆಮ್ಮಿತು. ಕತ್ತೆಯನ್ನು ಗದರಿಸಿತು, ಮುದ್ದಿಸಿತು. ಮೆಟ್ಟಿಲು ಇಳಿಯುತ್ತಾ ಅರ್ಧ ಹಾಡು ಗುನುಗಿ ಮರೆತು ಮತ್ತೆ ಮೊದಲಿನಿಂದ ಶುರು ಮಾಡಿತು. ಬಿಸಿ ತಿನ್ನುವಾಗ ಬಾಯಿಂದ ಗಾಳಿ ಬಿಡುವ ಸದ್ದು. ಅದಾದ ಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಅವರದೇ ದನಿ, ಅವರದೇ ಮುರುಕು ಇಟಲಿ ಭಾಷೆಯಲ್ಲಿ, ನಾಲ್ಕೈದು ವಾಕ್ಯ.

ಬಾಗಿಲು ತೆರೆದಾಗ ಅಂಗಿ ಪೂರ್ತಿ ಒದ್ದೆಯಾಗಿತ್ತು. ಇಬ್ಬರೂ ಹಿಡಿದು ಎಬ್ಬಿಸಬೇಕಾಯಿತು. ಕೊನೆಗೆ ಏನು ಹೇಳಿದಿರಿ ಎಂದು ಅವರ ಹೆಂಡತಿ ಕೇಳಿದರು. ಕಲ್ಲು ತಳ್ಳಬಹುದಿತ್ತು, ಹೆದರಿ ತಳ್ಳಲಿಲ್ಲ, ಅವನು ತಿಂದದ್ದು ನನ್ನ ಪಾಲು ಎಂದು ಹೇಳಿದೆ ಅಂದರು. ಅವರ ಹೆಂಡತಿಗೆ ಆ ಮಾತು ತಿಳಿದದ್ದು ಆಗಲೇ ಎಂದು ಮುಖ ನೋಡಿ ನನಗೆ ಗೊತ್ತಾಯಿತು. ಅವರು ಸೆರಗಿನಿಂದ ಗಂಡನ ಕುತ್ತಿಗೆ ಒರೆಸಿದರು. ಆ ಕೊನೆಯ ಮಾತನ್ನು ಅಳಿಸಬಹುದು, ದನಿ ಮಾತ್ರ ಕೇಳಿದ್ದಾರೆ, ಕಣ್ಣು ಕಾಣದ ಮುದುಕಿಗೆ ಇದೆಲ್ಲ ಯಾಕೆ ಎಂದು ನಾನು ಹೇಳಿ ನೋಡಿದೆ. ಮಿಲ್ಟ್ರಿ ಅಯ್ಯ ಒಪ್ಪಲಿಲ್ಲ. ಕ್ಯಾಸೆಟ್ಟನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಕಳಿಸಿದೆವು.

ಉತ್ತರ ಬಂದದ್ದು ದಸರಾ ರಜೆಯ ಮುಂಚೆ. ಈ ಸಲ ಮಗಳು ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿದ್ದಳು. ಜಗಲಿಯ ಮೇಲೆ ಕೂತು ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಕ್ಯಾಸೆಟ್ ಕ್ಷೇಮವಾಗಿ ತಲುಪಿತು. ಅಮ್ಮನನ್ನು ಕಿಟಕಿಯ ಬಳಿ ಕೂರಿಸಿ ಹಾಕಿದೆ. ಊರಬಾಗಿಲಿನ ಕೂಗು ಬಂದಾಗ ಅಮ್ಮ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. ಇವನೇ, ಕೆಮ್ಮೂ ಇವನದೇ ಅಂದಳು. ಇಷ್ಟು ಹೇಳಿ ನಾನು ನಿಲ್ಲಿಸಿದೆ. ಮುಂದಿನ ಸಾಲು ಕಣ್ಣಿಗೆ ಬಿದ್ದಿತ್ತು. ಅದನ್ನು ಬಿಟ್ಟು ಓದಬಹುದಿತ್ತು. ಅಮ್ಮ ಕ್ಷಮಿಸಿದ್ದಾಳೆ ಎಂದು ನಾನೇ ಒಂದು ಸಾಲು ಸೇರಿಸಿದ್ದರೂ ಆ ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಹಾಳೆಯಿಂದ ತಲೆ ಎತ್ತಲಿಲ್ಲ.

"ಇದ್ದಂಗೆ ಓದಿ ಟೀಚರಮ್ಮ," ಅಂದರು.

ಇದ್ದ ಹಾಗೇ ಓದಿದೆ. ನೀವು ಕೊನೆಯಲ್ಲಿ ಹೇಳಿದ ಮಾತಿನ ಬಗ್ಗೆ ಅಮ್ಮ ಏನೂ ಹೇಳಲಿಲ್ಲ. ಮಧ್ಯದಲ್ಲಿ ನಿಲ್ಲಿಸಲೇ ಎಂದು ನಾನು ಕೇಳಿದೆ, ಬೇಡವೆಂದು ತಲೆ ಅಲ್ಲಾಡಿಸಿದಳು. ಮುಗಿದ ಮೇಲೆ ಎದ್ದು ಒಳಗೆ ಹೋದಳು. ಮರುದಿನ ಕತ್ತೆಯ ಭಾಗವನ್ನು ಮತ್ತೆ ಹಾಕು ಅಂದಳು. ಇನ್ನೇನೂ ಹೇಳಿಲ್ಲ, ಆದ್ದರಿಂದ ನಾನೂ ಇನ್ನೇನೂ ಬರೆಯಲಾರೆ.

ಇನ್ನೊಂದು ಸಲ ಓದಿ ಅಂದರು. ಓದಿದೆ. ಅವರ ಹೆಂಡತಿ ಒಳಗಿನಿಂದ ಒದ್ದೆ ಕೈಯಲ್ಲೇ ಬಂದು, ಏನಂತೆ, ಬೈದಿದ್ದಾರಾ, ಬಿಟ್ಟಿದ್ದಾರಾ ಎಂದು ಕೇಳಿದರು. ಮಿಲ್ಟ್ರಿ ಅಯ್ಯ ಹೆಂಡತಿಯ ಕಡೆ ತಿರುಗಿದರು.

"ಮಧ್ಯದಲ್ಲಿ ಎದ್ದು ಹೋಗ್ಲಿಲ್ಲ ಕಣೇ," ಅಂದರು. "ಪೂರ್ತಿ ಕೇಳಿಸ್ಕಂಡವ್ರೆ."